ಬನ್ನಿ, ಜಾಲಿ ಮತ್ತು ದೆಹಲಿಯ ಶರತ್ಕಾಲ

ದೆಹಲಿಯಲ್ಲಿರುವ ಓದುಗರಿಗೆ ಇದು ಗೊತ್ತಿರುವ ಸಂಗತಿಯೇ. ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಕುಳಿತು ಓದುವವರಿಗಾಗಿ ಮೊದಲೇ ಹೇಳಿಬಿಡುತ್ತೇವೆ: ಈ ಊರಿನ ಶರತ್ಕಾಲಕ್ಕೆ ಆಯುಷ್ಯ ಕಡಿಮೆ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಮುಂಗಾರು ಹಿಂದೆ ಸರಿಯುತ್ತದೆ, ಆಕಾಶ ತೊಳೆದಿಟ್ಟಂತೆ ಹೊಳೆಯುತ್ತದೆ, ಬೆಳಗಿನ ಆರು ಗಂಟೆಯ ಗಾಳಿಯಲ್ಲಿ ತೆಳುವಾದ ಒಂದು ಚಳಿ ಸೇರಿಕೊಳ್ಳುತ್ತದೆ. ದೀಪಾವಳಿಯ ಆಚೀಚೆಗೆ ಹೊಗೆ ಇಳಿಯುತ್ತದೆ. ಈ ಎರಡರ ನಡುವೆ ಸಿಗುವುದು ನಾಲ್ಕು ವಾರ, ಪುಣ್ಯವಿದ್ದರೆ ಐದು. ಆ ವಾರಗಳಲ್ಲಿ ನಮ್ಮ ಮನೆಯ ಕೆಲಸಗಳೆಲ್ಲ ಹಿಂದೆ ಬೀಳುತ್ತಿದ್ದವು. ನಾವು ನಾಲ್ವರೂ ನಮ್ಮ ನಾಯಿಯೂ ಬೆಳಗಿನ ಹೊತ್ತು ಕಾಡಿನಲ್ಲಿರುತ್ತಿದ್ದೆವು. ಹನ್ನೆರಡು ವರ್ಷ ಹೀಗೆ ನಡೆಯಿತು.

ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ ನಮಗೆ ಕೀಟ್ಸ್ ಕವಿಯ ಶರತ್ಕಾಲದ ಕವಿತೆ ಪಠ್ಯವಾಗಿತ್ತು. 1819ರ ಸೆಪ್ಟೆಂಬರಿನಲ್ಲಿ, ವಿಂಚೆಸ್ಟರ್ ಎಂಬ ಊರಿನಲ್ಲಿ, ಸಂಜೆಯ ಒಂದು ತಿರುಗಾಟದ ಬೆನ್ನಿಗೆ ಬರೆದದ್ದು. ಆ ಋತುವಿಗೆ ನಾವು ಕನ್ನಡದಲ್ಲಿ 'ಎಲೆ ಉದುರುವ ಕಾಲ' ಎಂದು ಅರ್ಥ ಬರೆದುಕೊಂಡೆವು. ಹೀಗಾಗಿ ದೆಹಲಿಗೆ ಬಂದ ಮೊದಲ ವರ್ಷ ಅಕ್ಟೋಬರ್ ತುಂಬ ಕೆಂಪೆಲೆಗಾಗಿ ಕಾದೆವು. ಒಂದೂ ಉದುರಲಿಲ್ಲ. ಇಲ್ಲಿ ಬೇವಿನ ಮರ ಬೋಳಾಗುವುದು ಮಾರ್ಚಿನಲ್ಲಿ, ಹೋಳಿಯ ಹೊತ್ತಿಗೆ. ಪಂಚಾಂಗ ತೆರೆದು ನೋಡಿದ್ದರೆ ಈ ಎಡವಟ್ಟು ಆಗುತ್ತಿರಲಿಲ್ಲ. ಆಶ್ವಯುಜ, ಕಾರ್ತಿಕ ಮಾಸಗಳು ಶರದೃತು. ಎಲೆ ಉದುರುವ ಕೆಲಸ ಮಾಘ, ಫಾಲ್ಗುಣಗಳ ಶಿಶಿರಕ್ಕೆ ಸೇರಿದ್ದು. ಕಾಳಿದಾಸನ 'ಋತುಸಂಹಾರ'ದಲ್ಲಿ ಶರತ್ತು ಬರುವುದು ಕಾಶದ ಹುಲ್ಲಿನ ಬಿಳಿಯನ್ನು ಉಟ್ಟು. ಆ ಹುಲ್ಲನ್ನು ಇಂದಿಗೂ ಅಕ್ಟೋಬರಿನಲ್ಲಿ ಯಮುನೆಯ ದಂಡೆಯಲ್ಲಿ ಕಾಣಬಹುದು. ನದಿಯನ್ನು ನಾವು ಏನು ಮಾಡಿಟ್ಟಿದ್ದೇವೋ ಅದನ್ನು ನೋಡದೆ ಹುಲ್ಲನ್ನಷ್ಟೇ ನೋಡುವ ಅಭ್ಯಾಸವಿರಬೇಕು, ಅಷ್ಟೆ.

ಎಲೆ ಉದುರದಿದ್ದರೂ ಹೂವು ಉದುರುತ್ತದೆ. ನಮ್ಮ ಸರ್ಕಾರಿ ವಸತಿಗೃಹಗಳ ಸಾಲಿನಲ್ಲಿ ಯಾರೋ ಹಿಂದಿನ ನಿವಾಸಿಗಳು ನೆಟ್ಟುಹೋದ ಪಾರಿಜಾತಗಳಿವೆ. ಬೆಳಗಾಗುವುದರೊಳಗೆ ಸ್ಕೂಟರುಗಳ ಸೀಟಿನ ಮೇಲೆ ಹೂವಿನ ಹಾಸು. ರಸ್ತೆಯುದ್ದಕ್ಕೂ ಸಪ್ತಪರ್ಣಿ ಅರಳಿ, ಸಂಜೆಯ ಮೇಲೆ ಅದರ ಗಂಧ ಎಷ್ಟು ಗಾಢವಾಗುತ್ತದೆಂದರೆ ಕೆಲವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಒಬ್ಬರು ಹೊಸಪೇಟೆಯವರು, ಒಬ್ಬರು ಪುತ್ತೂರಿನ ಕಡೆಯವರು. ಸಪ್ತಪರ್ಣಿಯನ್ನು ಮೊದಲು ಗುರುತು ಹಿಡಿದದ್ದು ಪುತ್ತೂರು. "ಇದು ನಮ್ಮ ಹಾಲೆಮರ! ಆಟಿ ಅಮಾವಾಸ್ಯೆಯ ದಿನ ಇದರ ತೊಗಟೆಯ ಕಷಾಯ ಕುಡಿಸಿಯೇ ನಮ್ಮನ್ನು ಬೆಳೆಸಿದ್ದು." ಸೂರ್ಯ ಹುಟ್ಟುವ ಮೊದಲು ಹೋಗಿ, ಕತ್ತಿ ತಾಗಿಸದೆ, ಕಲ್ಲಿನಿಂದಲೇ ಜಜ್ಜಿ ತೊಗಟೆ ತರಬೇಕೆಂಬ ಕಟ್ಟಳೆಯನ್ನು ಮಕ್ಕಳು ಕಣ್ಣರಳಿಸಿ ಕೇಳಿದರು. ದೆಹಲಿಯ ನಗರಪಾಲಿಕೆಯ ಮರಕ್ಕೆ ಕಲ್ಲು ಹಿಡಿದು ಹೋಗುವುದನ್ನು ಮಾತ್ರ ನಾವು ತಡೆದೆವು.

ಕಾಡು ಎಂದೊಡನೆ ಆಗುಂಬೆಯನ್ನೋ ನಾಗರಹೊಳೆಯನ್ನೋ ನೆನೆಯಬೇಡಿ. ಅರಾವಳಿ ಪರ್ವತಸಾಲು ಉತ್ತರಕ್ಕೆ ಬಂದು ಸುಸ್ತಾಗಿ ಮಲಗಿದ ಜಾಗ ದೆಹಲಿ. ಆ ಬಂಡೆಗಳ ಬೆನ್ನನ್ನು ಇಲ್ಲಿಯವರು 'ರಿಡ್ಜ್' ಎನ್ನುತ್ತಾರೆ. ನಗರದೊಳಗೆ ತುಂಡು ತುಂಡಾಗಿ ಉಳಿದಿರುವ ಅದರ ಒಂದು ತುಂಡು ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಒಳಗೆ ಕಾಲಿಟ್ಟ ಮೊದಲ ದಿನ ಗುರುತು ಹಿಡಿಯುವ ಸರದಿ ಹೊಸಪೇಟೆಯದಾಯಿತು. ದೆಹಲಿಯವರು 'ವಿಲಾಯತಿ ಕೀಕರ್' ಎಂದು ಕರೆದು ಬೈಯುವ ಮುಳ್ಳುಮರ ಬೇರೆ ಯಾವುದೂ ಅಲ್ಲ, ನಮ್ಮ ಬಳ್ಳಾರಿ ಜಾಲಿ! ನಮ್ಮ ಕಡೆ ಹಾಳು ಬಿದ್ದ ಹೊಲ, ಕೆರೆಯಂಗಳ, ರೈಲು ಹಳಿಯ ಬದಿ ಎಲ್ಲೆಲ್ಲೂ ಹಬ್ಬಿರುವ ಅದೇ ಗಿಡ. ಮೂಲ ಮೆಕ್ಸಿಕೋ, ಮಧ್ಯ ಅಮೆರಿಕದ ಕಡೆಯದು. ಬ್ರಿಟಿಷರು ಹೊಸ ರಾಜಧಾನಿಯ ಬೋಳುಗುಡ್ಡಗಳನ್ನು ಬೇಗ ಹಸಿರು ಮಾಡಬೇಕೆಂದು ಇದನ್ನು ತಂದು ಬಿತ್ತಿದರು. ಹಸಿರೇನೋ ಆಯಿತು, ಇಲ್ಲಿಯ ಮೂಲನಿವಾಸಿಗಳಾದ ಧೌ, ಬಿಳಿಜಾಲಿ, ಮುತ್ತುಗಗಳು ಮೂಲೆಗೆ ಸರಿದವು. ಸಾವಿರಾರು ಕಿಲೋಮೀಟರ್ ದೂರದ ರಾಜಧಾನಿಯಲ್ಲಿ ಊರಿನ ಮುಳ್ಳು ಚುಚ್ಚಿಸಿಕೊಂಡು ಸಂತೋಷಪಟ್ಟವರು ನಾವೇ ಮೊದಲಿಗರಿರಬೇಕು.

ಬಳ್ಳಾರಿ ಜಾಲಿಯ ನಡುವೆ ನಾವು ಹುಡುಕುತ್ತಿದ್ದುದು ಅದರ ಸಂಬಂಧಿಯನ್ನು. ಸಸ್ಯಶಾಸ್ತ್ರಜ್ಞರು ಬಹುಕಾಲ ಒಂದೇ ಕುಲಕ್ಕೆ ಸೇರಿಸಿಟ್ಟಿದ್ದ, ಆದರೆ ಗುಣದಲ್ಲಿ ಪೂರ್ತಿ ಬೇರೆಯಾದ ಬನ್ನಿಮರ. ಉತ್ತರ ಕರ್ನಾಟಕದವರಿಗೆ ವಿಜಯದಶಮಿಯ ಸಂಜೆ ಬನ್ನಿ ಇಲ್ಲದಿದ್ದರೆ ಹಬ್ಬ ಆದಂತಲ್ಲ. ಹಿರಿಯರ ಕೈಗೆ ಎಲೆ ಕೊಟ್ಟು, ಬಂಗಾರದಂತೆ ಇರೋಣ ಎಂದು ಹೇಳಿ ಕಾಲಿಗೆರಗಬೇಕು. ದೆಹಲಿಯಲ್ಲಿ ಆ ಸಂಜೆ ರಾವಣನನ್ನು ಸುಡುವುದರಲ್ಲೇ ಎಲ್ಲರೂ ಮಗ್ನರು. ಹಾಗೆಂದು ಬನ್ನಿ ಇಲ್ಲಿಗೆ ಪರಕೀಯವೇನಲ್ಲ. ಪಕ್ಕದ ರಾಜಸ್ಥಾನದಲ್ಲಿ ಅದು ಖೇಜ್ಡಿ, ಅಲ್ಲಿಯ ರಾಜ್ಯವೃಕ್ಷ. 1730ರಲ್ಲಿ ಜೋಧಪುರದ ಬಳಿಯ ಖೇಜ್ಡ್ಲಿ ಗ್ರಾಮದಲ್ಲಿ ಅಮೃತಾದೇವಿಯೂ ಸೇರಿದಂತೆ ಬಿಷ್ಣೋಯಿ ಸಮುದಾಯದ 363 ಜನರು ತಬ್ಬಿಕೊಂಡು ಪ್ರಾಣ ಬಿಟ್ಟದ್ದು ಇದೇ ಮರವನ್ನು. ಪಾಂಡವರು ಆಯುಧ ಬಚ್ಚಿಟ್ಟ ವಿರಾಟನಗರ ಜೈಪುರದ ಹತ್ತಿರದ್ದೇ ಎಂದು ಅಲ್ಲಿಯವರು ತೋರಿಸುತ್ತಾರೆ. ಆ ಲೆಕ್ಕದಲ್ಲಿ ಪುರಾಣದ ಬನ್ನಿಮರ ಹೊಸಪೇಟೆಗಿಂತ ದೆಹಲಿಗೇ ಸಮೀಪ. ಅಂತೂ 2012ರ ಅಕ್ಟೋಬರ್ 24ರಂದು, ವಿಜಯದಶಮಿಯ ಬೆಳಿಗ್ಗೆ, ಐದು ವರ್ಷದ ಮಗನನ್ನು ಕರೆದುಕೊಂಡು ಹುಡುಕುತ್ತ ಹೋದಾಗ, ಕಾಡಿನ ಅಂಚಿನ ಮುರಿದ ಗೋಡೆಯ ಆಚೆ ಒಂದು ಬನ್ನಿ ಸಿಕ್ಕಿತು. ಬುಡದಲ್ಲಿ ಒಂದು ನಾಯಿಮರಿಯೂ ಸಿಕ್ಕಿತು.

ತಾಯಿ ಎಲ್ಲಿಯೂ ಕಾಣಲಿಲ್ಲ. ಎರಡು ಗಂಟೆ ಕಾದೆವು. ಕಂದುಬಣ್ಣ, ಮುಂಗಾಲಿಗೆ ಬಿಳಿ ಕಾಲುಚೀಲ, ಒಂದು ಕಿವಿ ನೆಟ್ಟಗೆ, ಇನ್ನೊಂದಕ್ಕೆ ಆ ಬಗ್ಗೆ ಇನ್ನೂ ತೀರ್ಮಾನವಾಗಿರಲಿಲ್ಲ. ಎಲೆಗಳನ್ನು ಒಂದು ಜೇಬಿಗೂ ಮರಿಯನ್ನು ಅಂಗಿಯ ಒಳಗೂ ಹಾಕಿಕೊಂಡು ಮನೆಗೆ ಬಂದೆವು. ಹೆಸರಿಗಾಗಿ ಚರ್ಚೆಯೇ ನಡೆಯಲಿಲ್ಲ. ಬನ್ನಿಯ ಬುಡದಲ್ಲಿ ಸಿಕ್ಕವಳು ಬನ್ನಿ.

ಈ ಹೆಸರಿನ ಫಜೀತಿ ಗೊತ್ತಾದದ್ದು ಆಮೇಲೆ. ನೆರೆಹೊರೆಯ ಪಂಜಾಬಿ, ಬಂಗಾಳಿ ಮನೆಗಳವರೆಲ್ಲ ಇದು ಇಂಗ್ಲಿಷಿನ ಮೊಲದ ಹೆಸರೆಂದು ತಿಳಿದು ಮುದ್ದು ಮಾಡಿದರು. ಮನೆಗೆ ಬರುವ ಕನ್ನಡಿಗರ ಪಾಡು ಬೇರೆ. ಬಾಗಿಲು ತೆರೆದು "ಬನ್ನಿ, ಬನ್ನಿ" ಎಂದು ಅತಿಥಿಗಳನ್ನು ಕರೆದರೆ, ಅವರಿಗಿಂತ ಮೊದಲು ನಾಯಿ ಬಂದು ನಿಲ್ಲುತ್ತಿತ್ತು. ಬೀದಿಯಲ್ಲಿ ನಾಯಿಯನ್ನು ಬಹುವಚನದಲ್ಲಿ ಕರೆಯುವ ನಮ್ಮ ವಿನಯವನ್ನು ಕಂಡು ಕರ್ನಾಟಕ ಸಂಘದ ಹಿರಿಯರೊಬ್ಬರು, "ಹಳೆಯ ಮೈಸೂರಿನವರೂ ಇಷ್ಟು ಮರ್ಯಾದೆ ಕೊಡುವುದಿಲ್ಲವಲ್ಲ" ಎಂದರು. 'ಅದು' ಎನ್ನಬೇಕೋ 'ಅವಳು' ಎನ್ನಬೇಕೋ ಎಂಬ ವ್ಯಾಕರಣದ ಪ್ರಶ್ನೆ ಒಂದು ವಾರದಲ್ಲಿ ತಾನೇ ಬಗೆಹರಿಯಿತು.

ಕಾಡಿನಲ್ಲಿ ಅವಳ ಕೊರಳಿನ ಹಗ್ಗವನ್ನು ನಾವು ಬಿಚ್ಚುತ್ತಿರಲಿಲ್ಲ. ನವಿಲು, ನೀಲಗಾಯಿ, ನರಿಗಳ ಮನೆಗೆ ನಾವು ಹೋಗಿರುವುದು, ಅವು ನಮ್ಮ ಮನೆಗೆ ಬಂದಿರುವುದಲ್ಲ. ಆದರೆ 2015ರ ಅಕ್ಟೋಬರಿನ ಒಂದು ಬೆಳಿಗ್ಗೆ ಹಗ್ಗದ ಕೊಂಡಿಯೇ ಕಿತ್ತುಬಂತು. ಎದುರಿಗೆ ನೀಲಗಾಯಿಯ ಗುಂಪು. ಕಣ್ಣು ಮಿಟುಕಿಸುವುದರೊಳಗೆ ನಾಯಿಯೂ ಇಲ್ಲ, ನೀಲಗಾಯಿಯೂ ಇಲ್ಲ. ಎರಡು ವರ್ಷದ ಮಗಳನ್ನು ಹೆಗಲ ಮೇಲೆ ಹೊತ್ತುಕೊಂಡು, ಜಾಲಿಯ ಪೊದೆಗಳಲ್ಲಿ ನುಗ್ಗಿ, ಗಂಟಲು ಹರಿಯುವಂತೆ "ಬನ್ನೀ! ಬನ್ನೀ!" ಎಂದು ಕೂಗಿದೆವು. ಒಂದು ಗಂಟೆಯಾಯಿತು. ಮಗ ಅಳುವುದನ್ನೂ ನಿಲ್ಲಿಸಿ ಸುಮ್ಮನಾಗಿದ್ದ. ಆಗ ಬಂಡೆಯ ಆ ಬದಿಯಿಂದ ಒಂದು ಗಂಡಸಿನ ಧ್ವನಿ: "ಬಂದೆ ಬಂದೆ! ಯಾರ್ರೀ ಕರದದ್ದು? ಏನಾತ್ರೀ?"

ಕಂಟೋನ್ಮೆಂಟಿನಿಂದ ಓಟಕ್ಕೆ ಬಂದಿದ್ದ ಯೋಧ, ಗದಗದ ಕಡೆಯವರು. ದೆಹಲಿಯ ಕಾಡಿನ ನಡುವೆ ಯಾರೋ ಕನ್ನಡದಲ್ಲಿ, ಅದೂ ಬಹುವಚನದಲ್ಲಿ ಕರೆಯುತ್ತಿದ್ದಾರೆ, ಏನೋ ಅಪಾಯವಾಗಿರಬೇಕು ಎಂದು ಮುಳ್ಳು ತುಳಿದುಕೊಂಡು ಓಡಿಬಂದಿದ್ದರು. ವಿಷಯ ತಿಳಿದು ಅವರು ನಕ್ಕ ನಗು ಈಗಲೂ ಕಿವಿಯಲ್ಲಿದೆ. ಅವರೂ ಕೂಗಲು ಸೇರಿಕೊಂಡರು. ಅರ್ಧ ಗಂಟೆಯ ಮೇಲೆ ಬನ್ನಿ ತಾನಾಗಿಯೇ ಬಂದಳು, ಮೈತುಂಬ ಉತ್ತರಾಣಿಯ ಬೀಜ ಮೆತ್ತಿಕೊಂಡು, ತಪ್ಪೆಲ್ಲ ನಮ್ಮದೇ ಎಂಬಂತೆ. ಆ ವರ್ಷದಿಂದ ಅವರು ವರ್ಗವಾಗಿ ಹೋಗುವ ತನಕ ಪ್ರತಿ ದಸರೆಗೆ ನಮ್ಮ ಮನೆಯಲ್ಲಿ ಹೋಳಿಗೆ ಉಣ್ಣುತ್ತಿದ್ದರು. ಬಾಗಿಲಲ್ಲಿ ನಾವು "ಬನ್ನಿ" ಎಂದಾಗಲೆಲ್ಲ, "ನನಗೋ, ಆಕಿಗೋ?" ಎಂದು ಕೇಳಿಯೇ ಒಳಗೆ ಬರುತ್ತಿದ್ದರು.

ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ನಮಗೆಲ್ಲ ಒಂದು ಸಂಕಟ ಸಾಮಾನ್ಯ. ಶಾಲೆಯಲ್ಲಿ ಇಂಗ್ಲಿಷ್, ಆಟದಲ್ಲಿ ಹಿಂದಿ. ನಾವು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹಿಂದಿಯಲ್ಲಿ. ನಮ್ಮ ಮಕ್ಕಳೂ ತಮ್ಮತಮ್ಮಲ್ಲಿ ಜಗಳವಾಡುವುದು ಹಿಂದಿಯಲ್ಲೇ. ಆದರೆ ಬನ್ನಿಯೊಂದಿಗೆ ಮಾತ್ರ ಕನ್ನಡ. ಇದನ್ನು ನಾವು ಕಲಿಸಲಿಲ್ಲ. ಮರಿಯಾಗಿದ್ದಾಗ ಅವಳ ಕಿವಿಗೆ ಬಿದ್ದದ್ದು ನಮ್ಮ ಮಾತು. 'ಕೂತ್ಕೋ' ಎಂದರೆ ಕೂರುತ್ತಿದ್ದಳು, ಪಕ್ಕದ ಮನೆಯವರು 'ಬೈಠೋ' ಎಂದರೆ ಗೋಡೆ ನೋಡುತ್ತಿದ್ದಳು. 'ಬನ್ನಿಗೆ ಹಿಂದಿ ಬರೋದಿಲ್ಲ' ಎಂಬುದು ಮಗಳು ಕಲಿತ ಮೊದಲ ಲೋಕಜ್ಞಾನಗಳಲ್ಲೊಂದು. ಕಾಲೊನಿಯ ಮಕ್ಕಳಿಗೆ ಅವಳು ಪಾಠ ಹೇಳಿಕೊಟ್ಟಳು. ಹಾಗಾಗಿ ನಮ್ಮ ಬ್ಲಾಕಿನ ಏಳೆಂಟು ಉತ್ತರ ಭಾರತದ ಮಕ್ಕಳಿಗೆ 'ಬಾ', 'ಬೇಡ', 'ಕೂತ್ಕೋ', 'ಸಾಕು' ಎಂಬ ನಾಲ್ಕು ಕನ್ನಡ ಪದಗಳು ಬರುತ್ತವೆ. ಅವಳಿಗೆ ಬೈಯುವಾಗ ಹೊಸಪೇಟೆಯ 'ಯವ್ವಾ ತಾಯಿ'ಯೂ ಪುತ್ತೂರಿನ 'ಮಾರಾಯ್ತಿ'ಯೂ ಕೂಡಿ ಬರುತ್ತಿದ್ದವು. ಶಾಲೆಯ ದುಃಖಗಳನ್ನು ಮಗ ನಮಗೆ ಹೇಳುತ್ತಿರಲಿಲ್ಲ. ಬಾಲ್ಕನಿಯಲ್ಲಿ ಅವಳಿಗೆ ಹೇಳುತ್ತಿದ್ದ. ಒಳಗಿನ ಕೋಣೆಯಲ್ಲಿ ನಿಂತು ಕದ್ದು ಕೇಳಿದ್ದೇವೆ, ಸುಳ್ಳೇಕೆ? ಅವನ ಮನಸ್ಸಿನ ಸಂಗತಿ ತಿಳಿದದ್ದಕ್ಕಿಂತ, ಅದಕ್ಕೆ ಅವನ ಬಳಿ ಕನ್ನಡ ಪದಗಳಿವೆ ಎಂದು ತಿಳಿದದ್ದೇ ಆಗ ದೊಡ್ಡ ಸಮಾಧಾನವಾಗಿ ತೋರಿತು. ಇದು ಹೆತ್ತವರ ಸ್ವಾರ್ಥವೂ ಇರಬಹುದು.

ಬೆಕ್ಕು ಬಂದದ್ದು 2019ರಲ್ಲಿ, ಕರೆಯದೆ. ಸ್ಕೂಟರಿನ ಹೊದಿಕೆಯೊಳಗೆ ಮಲಗಿತ್ತು, ಎತ್ತಿಕೊಂಡವರ ಕೈಯನ್ನು ಮೊಣಕೈವರೆಗೆ ಗೀರಿತು. ಅದಕ್ಕೆ ಜಾಲಿ ಎಂದು ಹೆಸರಾಯಿತು. ಬಳ್ಳಾರಿ ಜಾಲಿಯ ಸ್ವಭಾವವೇ: ಬೇಡವೆಂದರೂ ಬೇರು ಬಿಡುವುದು. ನೆರೆಯವರು ಇದನ್ನೂ ಇಂಗ್ಲಿಷಿನ ಉಲ್ಲಾಸದ ಪದವೆಂದುಕೊಂಡು, ಇವರ ಮನೆಯ ಪ್ರಾಣಿಗಳಿಗೆ ಎಷ್ಟು ಮುದ್ದಾದ ಹೆಸರುಗಳು ಎಂದರು. ಜಾಲಿಗೆ ಕನ್ನಡವೂ ಬರುವುದಿಲ್ಲ, ಹಿಂದಿಯೂ ಇಲ್ಲ. ಬಂದರೂ ಕೇಳುವ ಉದ್ದೇಶವಿಲ್ಲ. ಮೊದಲ ತಿಂಗಳು ಬನ್ನಿ ಅದನ್ನು ಕಂಡರೆ ಮಂಚದಡಿ ಸೇರುತ್ತಿದ್ದಳು. ಡಿಸೆಂಬರಿನ ಚಳಿ ಬಂದ ಮೇಲೆ ರಾಜಿಯಾಯಿತು. ನಾಯಿಯ ಹೊಟ್ಟೆಗೆ ಒತ್ತಿಕೊಂಡು ಬೆಕ್ಕು ಮಲಗಿರುವುದನ್ನು ಒಂದು ರಾತ್ರಿ ಕಂಡೆವು. ಬೆಳಿಗ್ಗೆ ಎಬ್ಬಿಸಿದಾಗ ಇಬ್ಬರಿಗೂ ಸ್ವಲ್ಪ ನಾಚಿಕೆಯಾದಂತಿತ್ತು.

ಆ ನಾಲ್ಕು ವಾರಗಳ ಬೆಳಗುಗಳಲ್ಲಿ ಹೇಳಿಕೊಳ್ಳುವಂಥ ಘಟನೆ ಏನೂ ಇರುತ್ತಿರಲಿಲ್ಲ. ಬೋರೆಗಿಡ ಹೂಬಿಟ್ಟು ನೊಣ, ಜೇನುಗಳಿಂದ ಗುಂಯ್‌ಗುಡುತ್ತಿರುತ್ತದೆ. ಬಾಲ ಕಳಚಿಕೊಂಡ ಗಂಡುನವಿಲುಗಳು ಮೊಂಡಾಗಿ, ಗುರುತು ಮರೆಸಿಕೊಂಡವರಂತೆ ಓಡಾಡುತ್ತವೆ. ಹಿಮಾಲಯದ ಕಡೆಯಿಂದ ಇಳಿದುಬಂದ, ಕಿತ್ತಳೆ ಬಾಲವನ್ನು ಎಡೆಬಿಡದೆ ನಡುಗಿಸುವ ಒಂದು ಪುಟ್ಟ ಕರಿಹಕ್ಕಿ ಅದೇ ಮುರಿದ ಗೋಡೆಯ ಮೇಲೆ ಬಂದು ಕೂರುತ್ತದೆ. ಅದು ಬಂದ ದಿನವನ್ನು ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಳು. ಮುಳ್ಳುಹಂದಿ ಬೀಳಿಸಿಹೋದ ಮುಳ್ಳುಗಳು ನಮ್ಮ ಪೆನ್ನಿನ ಡಬ್ಬಿಯಲ್ಲಿ ಹದಿನಾಲ್ಕಿವೆ. ಬನ್ನಿ ಪ್ರತಿಯೊಂದು ಬಂಡೆಯ ಬುಡವನ್ನೂ, ಸರ್ಕಾರಿ ಕಡತವನ್ನು ಮೊದಲ ಪುಟದಿಂದ ಓದುವ ಹಳೆಯ ಸೆಕ್ಷನ್ ಆಫೀಸರರಂತೆ, ಅವಸರವಿಲ್ಲದೆ ಮೂಸಿ, ತನ್ನ ಷರಾ ಬರೆದು ಮುಂದೆ ಹೋಗುತ್ತಿದ್ದಳು. ನಾವು ಕಾಯುತ್ತಿದ್ದೆವು. ಕಚೇರಿಯಲ್ಲಿ ಕಾಯಿಸುವವರನ್ನು ಸಹಿಸದ ನಮಗೆ ಕಾಡಿನಲ್ಲಿ ಕಾಯುವುದು ಹೇಗೆ ಅಭ್ಯಾಸವಾಯಿತೋ ತಿಳಿಯದು.

2024ರ ಆಗಸ್ಟಿನಲ್ಲಿ ಬನ್ನಿ ನೀರು ಕುಡಿಯುವುದು ಹೆಚ್ಚಾಯಿತು, ಊಟ ಕಡಿಮೆಯಾಯಿತು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 4ರ ಹತ್ತಿರ. ಮೂತ್ರಪಿಂಡಗಳು ಸೋಲುತ್ತಿವೆ, ವಾಸಿಯಾಗುವುದಲ್ಲ, ಆದರೆ ಚೆನ್ನಾಗಿ ನೋಡಿಕೊಂಡರೆ ಕೆಲವು ತಿಂಗಳು ನೆಮ್ಮದಿಯಾಗಿರುತ್ತಾಳೆ ಎಂದರು ವೈದ್ಯರು. ಕುತ್ತಿಗೆಯ ಹಿಂದಿನ ಸಡಿಲ ಚರ್ಮವನ್ನು ಎತ್ತಿ ಹಿಡಿದು, ಸೂಜಿ ಚುಚ್ಚಿ, ಲವಣದ ದ್ರಾವಣವನ್ನು ಚರ್ಮದ ಅಡಿಗೆ ಹರಿಸುವುದನ್ನು ಮಗ ಕಲಿತ. ದಿನ ಬಿಟ್ಟು ದಿನ, ರಾತ್ರಿ ಒಂಬತ್ತಕ್ಕೆ. ಹನ್ನೆರಡನೆಯ ತರಗತಿಯ ಓದು ನಿಲ್ಲಿಸಿ ಬಂದು, "ಸ್ವಲ್ಪ ತಡ್ಕೋ ಮಾರಾಯ್ತಿ, ಮುಗೀತು" ಎನ್ನುತ್ತ ಬಾಟಲಿ ಹಿಡಿದು ನಿಲ್ಲುತ್ತಿದ್ದ. ಚರ್ಮದಡಿ ನೀರು ಉಬ್ಬಿ ಒಂಟೆಯ ಡುಬ್ಬದಂತಾಗಿ, ಬೆಳಗಾಗುವುದರೊಳಗೆ ಇಳಿದಿರುತ್ತಿತ್ತು.

ನವರಾತ್ರಿಯ ಎರಡನೆಯ ದಿನ ವರ್ಗಾವಣೆಯ ಆದೇಶ ಬಂತು. ಹುಬ್ಬಳ್ಳಿಗೆ. ಆರು ವರ್ಷಗಳಿಂದ ನಾವೇ ಬೇಡಿಕೊಂಡದ್ದು. ಹೊಸಪೇಟೆಯಲ್ಲಿ ಅವ್ವ ಒಬ್ಬರೇ, ವಯಸ್ಸು ಎಪ್ಪತ್ತಾರು. ಪ್ರತಿ ವರ್ಷದ ಅರ್ಜಿಯಲ್ಲೂ 'ವೃದ್ಧ ತಾಯಿಯ ಆರೈಕೆಗಾಗಿ' ಎಂದು ಬರೆದಿದ್ದೆವು. ಈಗ ಎರಡು ವಾರದಲ್ಲಿ ರಿಲೀವ್ ಆಗಬೇಕು. ಕಚೇರಿಯಲ್ಲಿ ಸಹೋದ್ಯೋಗಿಗಳಿಗೆಲ್ಲ ಮಿಠಾಯಿ ಹಂಚಿ ಮನೆಗೆ ಬಂದೆವು. ಬಾಗಿಲಲ್ಲಿ ಬನ್ನಿ ಎದ್ದು ನಿಲ್ಲಲು ಎರಡು ಸಲ ಪ್ರಯತ್ನಿಸಿ, ಮೂರನೆಯ ಸಲ ಎದ್ದಳು.

ಆ ರಾತ್ರಿ ನಾವು ಮಾಡಿದ ಲೆಕ್ಕಾಚಾರವನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯುತ್ತೇವೆ. ರೈಲಿನ ಮೊದಲ ದರ್ಜೆಯ ಹವಾನಿಯಂತ್ರಿತ ಡಬ್ಬಿಯಲ್ಲಿ ಇಡೀ ಕ್ಯಾಬಿನ್ ನಮ್ಮದೇ ಆಗಿದ್ದರೆ ನಾಯಿಯನ್ನು ಜೊತೆಗೆ ಒಯ್ಯಬಹುದು. ಇಲ್ಲವಾದರೆ ಗಾರ್ಡಿನ ಡಬ್ಬಿಯ ಕಬ್ಬಿಣದ ಪೆಟ್ಟಿಗೆ. ಎರಡರಲ್ಲೂ ಒಂದೂವರೆ ದಿನಕ್ಕೂ ಮಿಕ್ಕಿದ ಪ್ರಯಾಣವನ್ನು ಅವಳು ತಾಳುವುದಿಲ್ಲವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದರು. ಬಿಟ್ಟುಹೋಗುವುದು ಆಗದ ಮಾತು. ಒಮ್ಮೆ, 2016ರ ಬೇಸಿಗೆಯಲ್ಲಿ, ಊರಿಗೆ ಹೋಗುವಾಗ ಹತ್ತು ದಿನದ ಮಟ್ಟಿಗೆ ಹಣ ಕೊಟ್ಟು ನಾಯಿಗಳನ್ನು ನೋಡಿಕೊಳ್ಳುವ ಒಂದು ಜಾಗದಲ್ಲಿ ಬಿಟ್ಟಿದ್ದೆವು. ತಿರುಗಿ ಬಂದಾಗ ಪಕ್ಕೆಲುಬು ಎಣಿಸುವಂತಾಗಿದ್ದಳು, ಮೂರು ದಿನ ನಮ್ಮತ್ತ ಮುಖ ತಿರುಗಿಸಲಿಲ್ಲ. ಉಳಿದದ್ದು ಒಂದೇ ದಾರಿ: ಮಗನ ಬೋರ್ಡ್ ಪರೀಕ್ಷೆಯ ಕಾರಣ ಕೊಟ್ಟು ಏಪ್ರಿಲ್ ತನಕ ಕಾಲಾವಕಾಶ ಕೇಳುವುದು. ಕಾರಣ ಸುಳ್ಳಲ್ಲ. ಆದರೆ ಪರೀಕ್ಷೆ ಮುಗಿಯುವವರೆಗೆ ಒಬ್ಬರು ಮಕ್ಕಳೊಡನೆ ಇದ್ದು, ಇನ್ನೊಬ್ಬರು ಮೊದಲೇ ಹೋಗಿ ಅವ್ವನನ್ನು ನೋಡಿಕೊಳ್ಳಬಹುದಿತ್ತು. ಕಾಯಿಲೆಯ ನಾಯಿಯನ್ನು ಮೇಲಿನ ಮಹಡಿಯಿಂದ ದಿನಕ್ಕೆ ನಾಲ್ಕು ಸಲ ಎತ್ತಿಕೊಂಡು ಇಳಿಯಲು ಇಬ್ಬರು ಬೇಕು ಎಂಬುದಕ್ಕೆ ಯಾವ ನಮೂನೆಯಲ್ಲಿಯೂ ಕಾಲಂ ಇಲ್ಲ. ಆರು ವರ್ಷ ತಾಯಿಯ ಹೆಸರಿನಲ್ಲಿ ಬೇಡಿದ್ದನ್ನು, ಸಿಕ್ಕ ದಿನ ನಾಯಿಯ ಸಲುವಾಗಿ ಮುಂದೂಡುತ್ತಿದ್ದೆವು.

ಅವ್ವನಿಗೆ ಫೋನಿನಲ್ಲಿ ಪರೀಕ್ಷೆಯ ಕಾರಣವನ್ನೇ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಯಿಗೆ ಹೆಂಗೈತಿ?" ಎಂದರು. ಹೇಳಿದೆವು. "ಹಂಗಾರ ಅದನ್ನ ಮುಗಿಸ್ಕೊಂಡೇ ಬರ್ರಿ. ನಾ ಇನ್ನೂ ಗಟ್ಟಿ ಅದೀನಿ. ಅದಕ್ಕ ನನಗಿಂತ ಅವಸರ ಐತಿ." ಜೀವನದಲ್ಲಿ ಒಂದು ನಾಯಿಯನ್ನೂ ಒಳಗೆ ಬಿಟ್ಟುಕೊಳ್ಳದವರು, ನಮ್ಮ ಮನೆಗೆ ಬಂದಾಗ ಮಡಿಯ ಸೀರೆಯನ್ನು ಎತ್ತಿ ಹಿಡಿದು ಬನ್ನಿಯನ್ನು ದಾಟಿ ಹೋಗುತ್ತಿದ್ದವರು.

ಅಕ್ಟೋಬರ್ 12, ವಿಜಯದಶಮಿ. ಬನ್ನಿಮರದ ತನಕ ಅವಳನ್ನು ಕರೆದೊಯ್ಯಬೇಕೆಂದು ಮಗಳ ಹಟ. ಕಾಡಿನ ಬಾಗಿಲವರೆಗೆ ಆಟೋ. ಅಲ್ಲಿಂದ ಮೊದಲ ಬಂಡೆಯವರೆಗೆ ನಡೆದಳು, ಪ್ರತಿಯೊಂದನ್ನೂ ಮೂಸಿದಳು. ಆಮೇಲೆ ಕುಳಿತುಬಿಟ್ಟಳು. ಮಗ ಎತ್ತಿಕೊಂಡ. ಹನ್ನೆರಡು ವರ್ಷದ ಹಿಂದೆ ಅಂಗಿಯೊಳಗೆ ಹಿಡಿಸಿದವಳು ಈಗ ಅವನ ಎರಡೂ ತೋಳುಗಳಿಂದ ಹೊರಗೆ ಕಾಲು ಚಾಚಿಕೊಂಡು, ರಾಣಿಯಂತೆ ಸುತ್ತಲೂ ನೋಡುತ್ತ ಹೊರಟಳು. ಎದುರಾದ ವಾಯುವಿಹಾರಿಯೊಬ್ಬರು, ಹಿಂದಿಯಲ್ಲಿ, ಇಷ್ಟು ದೊಡ್ಡ ನಾಯಿಯನ್ನು ಯಾಕೆ ಹೊತ್ತಿದ್ದೀಯೆ ಎಂದರು. ಮಗ ಏನೂ ಹೇಳಲಿಲ್ಲ. ಮರದಡಿ ಇಳಿಸಿದಾಗ ಅವಳು ಬುಡದ ಸುತ್ತ ಒಂದು ಸುತ್ತು ಹಾಕಿ, ಬಿಸಿಲು ಬೀಳುವ ಕಡೆ ಮಲಗಿದಳು. ಕಿತ್ತಳೆ ಬಾಲದ ಹಕ್ಕಿ ಅಂದು ಗೋಡೆಯ ಮೇಲಿತ್ತು. ಒಂದು ಗಂಟೆ ಅಲ್ಲೇ ಕುಳಿತಿದ್ದೆವು. ಮಗಳು ಕಿತ್ತ ಎಲೆಗಳಲ್ಲಿ ಮೊದಲನೆಯದನ್ನು ಬನ್ನಿಯ ಮುಂಗಾಲಿನ ಮೇಲಿಟ್ಟು, ತಲೆ ಬಗ್ಗಿಸಿ ನಮಸ್ಕರಿಸಿದಳು. ಹಿರಿಯರಿಗೆ ಕೊಡಬೇಕು ಎಂದು ನಾವೇ ಕಲಿಸಿದ್ದಲ್ಲವೆ? ನಾಯಿಯ ಲೆಕ್ಕದಲ್ಲಿ ನಮ್ಮಲ್ಲಿ ಅವಳೇ ಹಿರಿಯಳು.

ದೀಪಾವಳಿ ಕಳೆಯಿತು, ಪಂಜಾಬ್, ಹರಿಯಾಣಗಳ ಗದ್ದೆಯ ಕೂಳೆ ಸುಟ್ಟ ಹೊಗೆ, ನಗರದ ಸ್ವಂತ ಹೊಗೆ, ಬೀಸದ ಗಾಳಿ ಎಲ್ಲವೂ ಕೂಡಿದ ಕಾಲ ಬಂತು. ನವೆಂಬರ್ 18ರಂದು ವಾಯುಗುಣಮಟ್ಟದ ಸೂಚ್ಯಂಕ 490ರ ಮೇಲೆ ಹೋಯಿತು. 400 ದಾಟಿದರೇ 'ತೀವ್ರ' ಎಂದು ಲೆಕ್ಕ. ಶಾಲೆಗಳು ಮನೆಯ ಪರದೆಗೆ ಬಂದವು, ಕೇಂದ್ರ ಸರ್ಕಾರಿ ಕಚೇರಿಗಳ ವೇಳೆಯನ್ನು ಹಿಂದೆಮುಂದೆ ಮಾಡಿದರು. ಮನೆಯ ಒಂದೇ ಒಂದು ಗಾಳಿ ಶುದ್ಧೀಕರಣದ ಯಂತ್ರವನ್ನು ಬನ್ನಿ ಮಲಗುವ ಕೋಣೆಗೆ ಹಾಕಿದೆವು. ಉಳಿದ ನಾವೆಲ್ಲ ಓದು, ಊಟ, ನಿದ್ದೆ ಎಲ್ಲವನ್ನೂ ಅದೇ ಕೋಣೆಗೆ ಸಾಗಿಸಿದೆವು. ಹತ್ತು ಅಡಿಗೆ ಹತ್ತು ಅಡಿ, ನಾಲ್ಕು ಜನ, ಒಂದು ನಾಯಿ, ಒಂದು ಬೆಕ್ಕು. ಕಿಟಕಿಯಾಚೆ ಎದುರಿನ ಬ್ಲಾಕು ಕಾಣುತ್ತಿರಲಿಲ್ಲ. ಅಷ್ಟು ದಿನ ಒಟ್ಟಿಗೆ ನಾವು ಎಂದೂ ಕುಳಿತಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಡಿಸೆಂಬರಿನಲ್ಲಿ ಅವ್ವ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ನಮಗೆ ಹೇಳಲಿಲ್ಲ. ಎದುರುಮನೆಯ ಹುಡುಗಿ ಜೊತೆಗೆ ಹೋಗಿ, ಒಂದು ತಿಂಗಳು ದಿನಾ ಕಣ್ಣಿಗೆ ಹನಿ ಹಾಕಿದಳಂತೆ. ಸಂಕ್ರಾಂತಿಗೆ ಎಳ್ಳುಬೆಲ್ಲದ ಪೊಟ್ಟಣದೊಡನೆ ಬಂದ ಪತ್ರದಿಂದ ವಿಷಯ ತಿಳಿಯಿತು. "ಅಕ್ಷರ ಈಗ ಚೆಂದ ಕಾಣ್ತಾವು" ಎಂದಷ್ಟೇ ಬರೆದಿದ್ದರು. ಆ ಸಾಲನ್ನು ಓದಿ ನಮ್ಮಲ್ಲಿ ಯಾರೂ ಮಾತನಾಡಲಿಲ್ಲ. ಈ ಲೆಕ್ಕ ಇನ್ನೂ ನಮ್ಮ ಹೆಸರಿನಲ್ಲಿ ಬಾಕಿ ಇದೆ.

ಬನ್ನಿ ಹೋದದ್ದು ಮಾರ್ಚಿನ ಮೊದಲ ವಾರ, ಮಗನ ಎರಡು ಪರೀಕ್ಷೆಗಳ ನಡುವೆ, ಮಧ್ಯಾಹ್ನ. ಹಿಂದಿನ ದಿನವೇ ನೀರು ಬಿಟ್ಟಿದ್ದಳು. ಜಾಲಿ ಅವಳ ಬೆನ್ನಿಗೆ ಒತ್ತಿಕೊಂಡು ಮಲಗಿತ್ತು. ಎತ್ತಲು ಹೋದವರನ್ನು ಗೀರಿತು. ಹೊರಗೆ ಬೇವಿನ ಮರಗಳು ಎಲೆ ಉದುರಿಸುತ್ತಿದ್ದವು. ಕಾಲೊನಿಯ ರಸ್ತೆಯೆಲ್ಲ ಹಳದಿ. ಪಕ್ಕದ ಮನೆಯ ಪಂಜಾಬಿ ಅಜ್ಜಿ ಬಂದು, ಅವಳ ತಲೆಯ ಮೇಲೆ ಕೈಯಿಟ್ಟು, ತಮಗೆ ಬರುತ್ತಿದ್ದ ನಾಲ್ಕು ಕನ್ನಡ ಪದಗಳಲ್ಲಿ ಒಂದನ್ನು ಹೇಳಿದರು: "ಸಾಕು." ಅವರಿಗೆ ಆ ಪದದ ಅರ್ಥ ಊಟದ ಹೊತ್ತಿನಲ್ಲಿ ಮಾತ್ರ ಗೊತ್ತಿದ್ದದ್ದು. ಬೂದಿಯನ್ನು ಬನ್ನಿಮರದ ಬುಡಕ್ಕೆ ಹಾಕಿ ಬಂದೆವು.

ಅಂದಿನಿಂದ ಒಂದು ತೊಂದರೆಯಾಗಿದೆ. ಬಾಗಿಲಿಗೆ ಬಂದ ಕನ್ನಡಿಗರನ್ನು ಹೇಗೆ ಕರೆಯುವುದೆಂದು ತಿಳಿಯುವುದಿಲ್ಲ. ಬೀಳ್ಕೊಡಲು ಬಂದ ಸಂಘದ ಸ್ನೇಹಿತರನ್ನು ಮೊನ್ನೆ "ಒಳಗೆ ದಯಮಾಡಿಸಬೇಕು" ಎಂದು ಕರೆದೆವು. ನಾಟಕದ ತಾಲೀಮು ನಡೆಯುತ್ತಿದೆಯೇ ಎಂದು ಅವರು ನಕ್ಕರು. ಮಕ್ಕಳಿಬ್ಬರೂ ಈಗ ಬೆಕ್ಕಿನೊಂದಿಗೆ ಕನ್ನಡದಲ್ಲಿ ಮಾತನಾಡಲು ಯತ್ನಿಸುತ್ತಿದ್ದಾರೆ. ಜಾಲಿ ಎದ್ದು ಹೋಗುತ್ತದೆ.

ಈ ಬರಹ ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಸಾಮಾನು ಕಟ್ಟುವುದು ಮುಗಿದಿರುತ್ತದೆ. ಅರ್ಹತೆಯ ದರ್ಜೆಗಿಂತ ಹೆಚ್ಚಿನ ಹಣವನ್ನು ಕೈಯಿಂದ ಭರಿಸಿ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ನಾಲ್ವರಿಗೆ ಒಂದು ಇಡೀ ಕ್ಯಾಬಿನ್ ಕೇಳಿದ್ದೇವೆ, ಬೆಕ್ಕಿನ ಬುಟ್ಟಿಗಾಗಿ. ಗುಂತಕಲ್ಲಿನಲ್ಲಿ ಇಳಿದು ಮೊದಲು ಹೊಸಪೇಟೆಗೆ, ಆಮೇಲೆ ಹುಬ್ಬಳ್ಳಿಗೆ. ಅವ್ವ ನಿನ್ನೆ ಫೋನು ಮಾಡಿ ಹಾಸಿಗೆ ಎಷ್ಟು, ದಿಂಬು ಎಷ್ಟು ಎಂದು ಲೆಕ್ಕ ಹಾಕಿ, ಕೊನೆಗೆ ಕೇಳಿದರು: "ಬೆಕ್ಕು ರೊಟ್ಟಿ ತಿಂತೈತೇನು?"

ಜೋಳದ ರೊಟ್ಟಿಯನ್ನು ಜಾಲಿ ಈ ತನಕ ಮೂಸಿಯೂ ನೋಡಿಲ್ಲ. ತಿನ್ನುತ್ತದೆ ಎಂದೆವು.